ಗದ್ದೆಯಂಚಿನ ಟೆಲಿಫೋನ್ ಗೂಡು: ಹೊರಗಿನವರು ಕಂಡ ಆಮಿಶ್ ಬದುಕು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಲ್ಯಾಂಕಾಸ್ಟರ್ ಎಂಬ ಕೌಂಟಿ ಉಂಟು. ಅಲ್ಲಿನ ಹಳ್ಳಿ ರಸ್ತೆಯಲ್ಲಿ ಕಾರಿನಲ್ಲಿ ಹೋಗುವವರಿಗೆ ಮೊದಲು ಕಾಣುವುದು ಬೂದು ಬಣ್ಣದ ಕುದುರೆ ಗಾಡಿಗಳು. ಆಮೇಲೆ ಅಂಗಳದ ಹಗ್ಗದಲ್ಲಿ ಸಾಲಾಗಿ ಒಣಗುತ್ತಿರುವ, ಹೂವಿಲ್ಲದ, ಗೆರೆಯಿಲ್ಲದ ಬಟ್ಟೆಗಳು. ಗಡ್ಡ ಬಿಟ್ಟು ಮೀಸೆ ಬೋಳಿಸಿದ ಗಂಡಸರು, ತಲೆಗೆ ಬಿಳಿ ಟೊಪ್ಪಿ ಕಟ್ಟಿಕೊಂಡ ಹೆಂಗಸರು. ಕಂಬದಿಂದ ಮನೆಗೆ ಕರೆಂಟಿನ ವಯರ್ ಎಳೆದದ್ದು ಕಾಣುವುದಿಲ್ಲ. ಕಣ್ಣಿಟ್ಟು ನೋಡಿದವರಿಗೆ ಮಾತ್ರ ಇನ್ನೊಂದು ಸಿಗುತ್ತದೆ. ಮನೆಯಿಂದ ತುಸು ದೂರ, ಗದ್ದೆಯ ಬದಿಯಲ್ಲೋ ಕೊಟ್ಟಿಗೆಯ ಹಿಂದೆಯೋ ಹಲಗೆಯ ಪುಟ್ಟ ಗೂಡು. ಒಬ್ಬರು ನಿಲ್ಲುವಷ್ಟೇ ಜಾಗ. ಒಳಗೆ ಟೆಲಿಫೋನ್!

ನೋಡಲು ಬಂದವರು ಇಲ್ಲಿ ನಗುವುದುಂಟು. ಫೋನ್ ತಪ್ಪು ಅಂತಾದರೆ ಗೂಡಿನಲ್ಲಿ ಯಾಕೆ? ತಪ್ಪಲ್ಲ ಅಂತಾದರೆ ಮನೆಯೊಳಗೆ ಇಟ್ಟುಕೊಂಡರೆ ಏನಾಯ್ತು? ಇದೆಂಥ ಬೂಟಾಟಿಕೆ ಎಂದು ಕೇಳಿ ಮುಂದೆ ಹೋಗುತ್ತಾರೆ. ಆದರೆ ಆಮಿಶರು ಯಾರೆಂದು ತಿಳಿಯಬೇಕಾದರೆ ಆ ಗೂಡಿನ ಹತ್ತಿರವೇ ಸ್ವಲ್ಪ ಹೊತ್ತು ನಿಲ್ಲಬೇಕು.

ಮೊದಲು ಅವರ ಮೂಲ. 1525ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಚ್‌ನಲ್ಲಿ ಒಂದು ಸಣ್ಣ ಗುಂಪು, ಹಸುಗೂಸಿಗೆ ಮಾಡುವ ದೀಕ್ಷಾಸ್ನಾನ ಸರಿಯಲ್ಲ, ಬುದ್ಧಿ ಬಂದ ಮೇಲೆ ಮನುಷ್ಯ ತಾನೇ ಒಪ್ಪಿ ತೆಗೆದುಕೊಳ್ಳಬೇಕು ಎಂದಿತು. ಇಷ್ಟಕ್ಕೇ ಅವರನ್ನು ನೀರಿನಲ್ಲಿ ಮುಳುಗಿಸಿ, ಬೆಂಕಿಗೆ ಹಾಕಿ ಕೊಂದರು. ಉಳಿದವರಲ್ಲಿ 1693ರಲ್ಲಿ ಜೇಕಬ್ ಅಮ್ಮನ್ ಎಂಬಾತನ ಜೊತೆ ಬೇರೆಯಾದವರೇ ಆಮಿಶರು. ಹದಿನೆಂಟನೇ ಶತಮಾನದಲ್ಲಿ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದರು. ಯುರೋಪಿನಲ್ಲಿ ಉಳಿದ ಅವರ ಕೊನೆಯ ಸಭೆ 1937ರಲ್ಲಿ ಬೇರೊಂದರಲ್ಲಿ ಸೇರಿಹೋಯಿತು. ಅಮೆರಿಕದಲ್ಲಿ ಮಾತ್ರ 1900ರಲ್ಲಿ ಐದಾರು ಸಾವಿರ ಇದ್ದವರು ಈಗ ನಾಲ್ಕು ಲಕ್ಷದ ಆಸುಪಾಸಿನಲ್ಲಿದ್ದಾರೆ. ಮನೆಯೊಂದಕ್ಕೆ ಆರೇಳು ಮಕ್ಕಳು ಸಾಮಾನ್ಯ.

ಮನೆಯಲ್ಲಿ ಅವರು ಆಡುವುದು ಪೆನ್ಸಿಲ್ವೇನಿಯಾ ಡಚ್, ಅಂದರೆ ಜರ್ಮನ್ನಿನ ಒಂದು ಆಡುಮಾತು. ಪ್ರಾರ್ಥನೆಗೆ ಮತ್ತು ಹಾಡಿಗೆ ಹಳೆಯ ಗ್ರಂಥಸ್ಥ ಜರ್ಮನ್, ಶಾಲೆಗೆ ಮತ್ತು ವ್ಯಾಪಾರಕ್ಕೆ ಇಂಗ್ಲಿಷ್. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ನಮಾಝಿಗೆ ಅರಬಿ ಎಂದು ಬೆಳೆದವರಿಗೆ ಇದೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ. ಹೊರಗಿನವರು ಯಾರೇ ಇರಲಿ, ಯಾವ ಭಾಷೆಯವರೇ ಇರಲಿ, ಆಮಿಶರ ಬಾಯಲ್ಲಿ ಎಲ್ಲರೂ 'ಇಂಗ್ಲಿಷ್'ನವರೇ.

ಅವರಿಗೆ ಚರ್ಚ್ ಕಟ್ಟಡ ಇಲ್ಲ. ಎರಡು ವಾರಕ್ಕೊಮ್ಮೆ ಭಾನುವಾರ ಯಾರದಾದರೂ ಮನೆಯಲ್ಲೋ ಕಣಜದ ಮಾಳಿಗೆಯಲ್ಲೋ ಸೇರುತ್ತಾರೆ. ಬೆಂಚುಗಳನ್ನು ಗಾಡಿಯಲ್ಲಿ ಹೇರಿ ಮನೆಯಿಂದ ಮನೆಗೆ ಸಾಗಿಸುತ್ತಾರೆ. ಮೂರು ಗಂಟೆಯ ಪ್ರಾರ್ಥನೆ, ಆಮೇಲೆ ಒಟ್ಟಿಗೆ ಊಟ. ಇಪ್ಪತ್ತು ಮೂವತ್ತು ಮನೆ ಸೇರಿದರೆ ಒಂದು ಸಭೆ. ಜಾಸ್ತಿಯಾದರೆ ಎರಡಾಗುತ್ತದೆ, ಯಾಕಂದರೆ ಎಲ್ಲರೂ ಒಂದು ಮನೆಯಲ್ಲಿ ಹಿಡಿಸಬೇಕಲ್ಲ. ಬೋಧಕನನ್ನು ಆರಿಸುವ ರೀತಿಯಂತೂ ಕೇಳಬೇಕಾದದ್ದು. ಸದಸ್ಯರು ಸೂಚಿಸಿದ ಗಂಡಸರ ಮುಂದೆ ಅಷ್ಟೇ ಹಾಡಿನ ಪುಸ್ತಕಗಳನ್ನು ಇಡುತ್ತಾರೆ, ಒಂದರೊಳಗೆ ಚೀಟಿ. ಚೀಟಿ ಸಿಕ್ಕಿದವನು ಆ ಗಳಿಗೆಯಿಂದಲೇ ಬೋಧಕ. ತರಬೇತಿ ಇಲ್ಲ, ಸಂಬಳ ಇಲ್ಲ, ಬೇಡ ಅನ್ನಲಿಕ್ಕೂ ಆಗುವುದಿಲ್ಲ. ಚೀಟಿ ಬಂದವನು ಅಲ್ಲೇ ಅಳುವುದುಂಟು.

ಈ ಸಭೆಯೇ ತನ್ನ ನಿಯಮ ಮಾಡಿಕೊಳ್ಳುತ್ತದೆ. ಆ ನಿಯಮಕ್ಕೆ 'ಓರ್ಡ್ನುಂಗ್' ಎನ್ನುತ್ತಾರೆ. ಹೆಚ್ಚಿನದ್ದು ಬರೆದಿಟ್ಟದ್ದಲ್ಲ, ಎಲ್ಲರಿಗೂ ಗೊತ್ತಿರುವಂಥದ್ದು. ವರ್ಷಕ್ಕೆ ಎರಡು ಸಲ ಅದರ ಬಗ್ಗೆ ಮಾತಾಗುತ್ತದೆ. ಎಲ್ಲರೂ ಒಪ್ಪದೆ ಪ್ರಭುಭೋಜನದ ವಿಧಿ ನಡೆಯುವುದಿಲ್ಲ. ಊರಿಂದ ಊರಿಗೆ ನಿಯಮ ಬದಲಾಗುವುದು ಇದೇ ಕಾರಣಕ್ಕೆ. ಲ್ಯಾಂಕಾಸ್ಟರ್‌ನಲ್ಲಿ ಗಾಡಿ ಬೂದು, ಓಹಯೋ ರಾಜ್ಯದಲ್ಲಿ ಕಪ್ಪು.

ಟೆಲಿಫೋನ್ ಬಂದಾಗ ಲ್ಯಾಂಕಾಸ್ಟರ್‌ನ ಕೆಲವು ಮನೆಗಳು ಅದನ್ನು ಹಾಕಿಸಿಕೊಂಡಿದ್ದವು. 1910ರ ಸುಮಾರಿಗೆ ಸಭೆ ಅದನ್ನು ಮನೆಯಿಂದ ಹೊರಹಾಕಿತು. ಯಂತ್ರ ಪಾಪ ಅಂತ ಅಲ್ಲ. ಮನೆಯೊಳಗೆ ಫೋನ್ ಇದ್ದರೆ ನೆರೆಮನೆಗೆ ನಡೆದು ಹೋಗುವವರು ಯಾರು, ಎದುರು ಕೂತು ಮಾತಾಡುವವರು ಯಾರು, ಊಟದ ಮಧ್ಯೆ ಗಂಟೆ ಹೊಡೆದರೆ ಎದ್ದು ಹೋಗದಿರುವವರು ಯಾರು ಎಂಬುದು ಅವರ ಚಿಂತೆ. ಆದರೆ ಡಾಕ್ಟರಿಗೆ, ಬೆಂಕಿ ಬಿದ್ದರೆ ಅಗ್ನಿಶಾಮಕಕ್ಕೆ ಫೋನ್ ಬೇಕೇ ಬೇಕು. ಹಾಗೆ ಕೆಲವು ದಶಕದ ನಂತರ, ಮೂರ್ನಾಲ್ಕು ಮನೆಗೆ ಒಂದರಂತೆ ಹೊರಗೆ ಗೂಡಿನಲ್ಲಿ ಇಟ್ಟುಕೊಳ್ಳಿ ಅಂತಾಯಿತು. ಬೇಕಾದಾಗ ಮನುಷ್ಯ ಫೋನಿನ ಬಳಿ ಹೋಗಬಹುದು, ಫೋನ್ ಮಾತ್ರ ಮನುಷ್ಯನ ಬಳಿ ಬರಬಾರದು. ಗೂಡಿನ ಲೆಕ್ಕ ಇಷ್ಟೇ.

ಕರೆಂಟಿನ ಕಥೆಯೂ ಹೀಗೇ. ಬ್ಯಾಟರಿ, ಗ್ಯಾಸಿನ ಫ್ರಿಜ್, ಡೀಸೆಲ್ ಇಂಜಿನ್, ಒತ್ತಡದ ಗಾಳಿಯಿಂದ ತಿರುಗುವ ಗರಗಸ ಎಲ್ಲ ಉಂಟು. ಕಂಬದ ತಂತಿ ಮಾತ್ರ ಬೇಡ, ಯಾಕಂದರೆ ತಂತಿ ಬಂದರೆ ಅದರ ಹಿಂದೆ ರೇಡಿಯೋ, ಟಿವಿ ಎಲ್ಲ ಬರುತ್ತದೆ. 1960ರ ದಶಕದ ಕೊನೆಗೆ ಹಾಲಿನ ಕಂಪೆನಿಗಳು, ಹಾಲನ್ನು ದೊಡ್ಡ ಟ್ಯಾಂಕಿನಲ್ಲಿ ತಣ್ಣಗೆ ಇಡದಿದ್ದರೆ ಕೊಳ್ಳುವುದಿಲ್ಲ ಎಂದವು. ಹಾಲೇ ಜೀವನ. ಕೊನೆಗೆ ಡೀಸೆಲ್‌ನಿಂದ ತಣ್ಣಗೆ ಮಾಡುವ ಟ್ಯಾಂಕ್ ಆಗಬಹುದು, ಆದರೆ ಭಾನುವಾರ ಹಾಲು ಕೊಡುವುದಿಲ್ಲ ಎಂದು ಒಪ್ಪಂದವಾಯಿತು. ಹೊರಗಿನವರಿಗೆ ಇದು ತಲೆಬುಡ ಇಲ್ಲದ ನಿಯಮದ ಹಾಗೆ ಕಾಣುತ್ತದೆ. ಒಳಗಿನಿಂದ ನೋಡಿದರೆ ಇದು ಚೌಕಾಸಿ.

ಕಣಜ ಸುಟ್ಟುಹೋದರೆ ನೂರಾರು ಗಂಡಸರು ಬಂದು ಒಂದೆರಡು ದಿನದಲ್ಲಿ ಹೊಸತು ಎಬ್ಬಿಸುವುದನ್ನು ಸಿನೆಮಾದಲ್ಲಿ ನೋಡಿದವರಿದ್ದಾರೆ. ಅದು ಬರೀ ಸಿನೆಮಾ ಅಲ್ಲ. ಅವರು ಸಾಮಾನ್ಯವಾಗಿ ವಿಮೆ ಮಾಡಿಸುವುದಿಲ್ಲ. ಆಸ್ಪತ್ರೆ ಬಿಲ್ ಬಂದರೆ ಸಭೆಯೇ ಹಣ ಕೂಡಿಸುತ್ತದೆ. ಸರಕಾರದ ವೃದ್ಧಾಪ್ಯ ಪಿಂಚಣಿ ಯೋಜನೆಯೂ ಅವರಿಗೆ ಬೇಡ. ಮುದುಕರನ್ನು ನೋಡಿಕೊಳ್ಳುವುದು ಮಕ್ಕಳ ಮತ್ತು ಸಭೆಯ ಕೆಲಸ ಎನ್ನುತ್ತಾರೆ. ಅದರ ಕಂತು ಕಟ್ಟದ ಒಬ್ಬ ರೈತ 1961ರಲ್ಲಿ ಹೊಲ ಉಳುತ್ತಿದ್ದಾಗ ತೆರಿಗೆ ಅಧಿಕಾರಿಗಳು ಬಂದು ಅವನ ಮೂರು ಕುದುರೆಗಳನ್ನೇ ಹಿಡಿದುಕೊಂಡು ಹೋದರು. ದೇಶವಿಡೀ ಗಲಾಟೆಯಾಯಿತು. 1965ರಲ್ಲಿ ಕಾಂಗ್ರೆಸ್ ಅವರಿಗೆ ವಿನಾಯಿತಿ ಕೊಟ್ಟಿತು. ಅವರು ತೆರಿಗೆಯನ್ನೇ ಕಟ್ಟುವುದಿಲ್ಲ ಎಂಬುದು ಮಾತ್ರ ಸುಳ್ಳು. ಆದಾಯ ತೆರಿಗೆ, ಆಸ್ತಿ ತೆರಿಗೆ ಎಲ್ಲ ಕಟ್ಟುತ್ತಾರೆ, ತಮ್ಮ ಮಕ್ಕಳು ಹೋಗದ ಸರಕಾರಿ ಶಾಲೆಯ ತೆರಿಗೆಯನ್ನೂ.

ಆ ಶಾಲೆಯ ವಿಷಯದಲ್ಲಿ ಹೊರಗಿನವರ ಮೆಚ್ಚುಗೆ ಸ್ವಲ್ಪ ತಡೆಯುತ್ತದೆ. ಆಮಿಶ್ ಮಕ್ಕಳ ಓದು ಎಂಟನೇ ತರಗತಿಗೆ ಮುಗಿಯುತ್ತದೆ. ಒಂದೇ ಕೋಣೆಯ ಶಾಲೆ, ಕಲಿಸುವವಳು ಹೆಚ್ಚಾಗಿ ಅದೇ ಎಂಟನೇ ತರಗತಿ ಓದಿದ ಮದುವೆಯಾಗದ ಹುಡುಗಿ. ಹದಿನಾರು ವರ್ಷದವರೆಗೆ ಓದಿಸಲೇಬೇಕು ಎಂಬ ಕಾನೂನು ಮುರಿದದ್ದಕ್ಕೆ ವಿಸ್ಕಾನ್ಸಿನ್ ರಾಜ್ಯದಲ್ಲಿ ಮೂವರು ತಂದೆಯರಿಗೆ ಐದೈದು ಡಾಲರ್ ದಂಡ ಬಿತ್ತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1972ರಲ್ಲಿ ಆಮಿಶರ ಪರ ತೀರ್ಪು ಬಂತು. ಧರ್ಮ ಸ್ವಾತಂತ್ರ್ಯದ ಚರ್ಚೆಯಲ್ಲಿ 'ವಿಸ್ಕಾನ್ಸಿನ್ ವರ್ಸಸ್ ಯೋಡರ್' ಎಂಬ ಈ ಹೆಸರು ಇಂದಿಗೂ ಬರುತ್ತದೆ. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಮಾತ್ರ ಪೂರ್ತಿ ಒಪ್ಪಲಿಲ್ಲ. ತಂದೆಯರ ಹಕ್ಕು ಸರಿ, ಆದರೆ ಮಗುವಿಗೆ ಪಿಯಾನೋ ಬಾರಿಸುವವನೋ ಗಗನಯಾತ್ರಿಯೋ ಆಗಬೇಕೆಂದಿದ್ದರೆ ಅದರ ಮಾತನ್ನು ಯಾರು ಕೇಳಿದರು ಎಂಬುದು ಅವರ ಪ್ರಶ್ನೆ. ಐವತ್ತು ವರ್ಷ ಕಳೆದರೂ ಆ ಪ್ರಶ್ನೆಯ ಮೊನೆ ಮೊಂಡಾಗಿಲ್ಲ.

ಆಮಿಶರ ಉತ್ತರ 'ರಮ್‌ಸ್ಪ್ರಿಂಗಾ', ಅಂದರೆ ತಿರುಗಾಟದ ಕಾಲ. ಹದಿನಾರಕ್ಕೆ ಶುರು. ದೀಕ್ಷೆ ಆಗದ ಕಾರಣ ಸಭೆಯ ನಿಯಮ ಅವರಿಗೆ ಪೂರ್ತಿ ತಾಗುವುದಿಲ್ಲ. ಟಿವಿಯವರು ಇದನ್ನು ಬರೀ ಕುಡಿತ, ಕುಣಿತ ಎಂದು ತೋರಿಸಿದ್ದಾರೆ. ಕೆಲವರು ಕಾರು ಓಡಿಸುತ್ತಾರೆ, ಜೀನ್ಸ್ ಹಾಕುತ್ತಾರೆ, ಅದೂ ನಿಜ. ಹೆಚ್ಚಿನವರಿಗೆ ಅದು ಭಾನುವಾರ ಸಂಜೆ ಓರಗೆಯವರು ಸೇರಿ ಹಾಡುವುದು, ವಾಲಿಬಾಲ್ ಆಡುವುದು, ಹುಡುಗ ಹುಡುಗಿಯನ್ನು ಗಾಡಿಯಲ್ಲಿ ಮನೆಗೆ ಬಿಡುವುದು. ಕೊನೆಗೆ ನೂರರಲ್ಲಿ ಎಂಬತ್ತೈದಕ್ಕೂ ಹೆಚ್ಚು ಮಂದಿ ತಾವಾಗಿಯೇ ದೀಕ್ಷೆ ತೆಗೆದುಕೊಳ್ಳುತ್ತಾರೆ. ತಾವಾಗಿಯೇ ಎಂಬ ಮಾತನ್ನು ತುಸು ಎಚ್ಚರದಿಂದ ಓದಬೇಕು. ಎಂಟನೇ ತರಗತಿ ಓದಿ, ಅಪ್ಪ ಅಮ್ಮ, ನೆಂಟರು, ಮದುವೆಯಾಗುವ ಹುಡುಗಿ ಎಲ್ಲರೂ ಒಳಗೇ ಇರುವ ಹುಡುಗನಿಗೆ ಹೊರಗೆ ಹೋಗುವ ದಾರಿ ಎಷ್ಟು ಅಗಲ ಇದ್ದೀತು?

ಈಗ ಗೂಡನ್ನು ದಾಟಿ ಫೋನ್ ಜೇಬಿಗೇ ಬಂದಿದೆ. ಭೂಮಿಯ ಬೆಲೆ ಏರಿ ಬೇಸಾಯ ಬಿಟ್ಟವರು ಬಡಗಿ ಕೆಲಸ, ಪೀಠೋಪಕರಣದ ಅಂಗಡಿ, ಇಂಡಿಯಾನಾ ರಾಜ್ಯದಲ್ಲಿ ಕ್ಯಾಂಪಿಂಗ್ ವಾಹನದ ಕಾರ್ಖಾನೆ ಸೇರಿದ್ದಾರೆ. ವ್ಯಾಪಾರಕ್ಕೆ ಮೊಬೈಲ್ ಬೇಕು ಅನ್ನುವ ಮಗ, ಬೇಡ ಅನ್ನುವ ಸಭೆ. ಈ ಚೌಕಾಸಿ ಇನ್ನೂ ಮುಗಿದಿಲ್ಲ.

ದೀಕ್ಷೆ ತೆಗೆದುಕೊಳ್ಳದೆ ಹೊರಗೆ ಹೋದವನಿಗೆ ಶಿಕ್ಷೆ ಇಲ್ಲ. ಅವನು ಮನೆಗೆ ಬಂದು ಹೋಗಬಹುದು. ದೇವರ ಮುಂದೆ ಮಾತು ಕೊಟ್ಟು ಆಮೇಲೆ ಬಿಟ್ಟವರಿಗೆ ಮಾತ್ರ ಬಹಿಷ್ಕಾರ. ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ, ಒಂದೇ ಮೇಜಿನಲ್ಲಿ ಕೂತು ಉಣ್ಣುವಂತಿಲ್ಲ. ಮೊಣಕಾಲೂರಿ ತಪ್ಪೊಪ್ಪಿಕೊಂಡು ಮರಳಿದರೆ ಎಲ್ಲ ಮಾಫಿ. ಮರಳದಿದ್ದರೆ ಸಾಯುವವರೆಗೂ ಹಾಗೆಯೇ. ಆದರೂ ಮಗಳು ಮನೆಗೆ ಬಂದಾಗ ಕೆಲವು ತಾಯಂದಿರು ಒಂದು ದಾರಿ ಕಂಡುಕೊಂಡಿದ್ದಾರೆ. ಎರಡು ಮೇಜುಗಳನ್ನು ಬೆರಳಷ್ಟು ಅಂತರ ಬಿಟ್ಟು ಪಕ್ಕಪಕ್ಕದಲ್ಲಿ ಇಡುತ್ತಾರೆ, ಎರಡರ ಮೇಲೂ ಒಂದೇ ಬಟ್ಟೆ ಹಾಸುತ್ತಾರೆ.