ಆದೇಶ ವೈದ್ಯರದು, ಹೊಣೆ ಯಾರದು?

ಬಂದರು, ಹೆಂಚು, ಗೋಡಂಬಿಗಳಿಗೆ ಹೆಸರಾದ ಮಂಗಳೂರು ಚಿಕಿತ್ಸೆಯ ನಗರವೂ ಹೌದು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರ ಸೇವೆ ಆರಂಭವಾದುದು 1880ರಲ್ಲಿ. ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇಲ್ಲಿಗೆ ಬಂದುದು 1955ರಲ್ಲಿ. ಇಂದು ಇಲ್ಲಿನ ವ್ಯಾಪಾರಸ್ಥರಲ್ಲಿ ಕೆಲವರು ನರ್ಸಿಂಗ್ ಹೋಂಗಳ ಪಾಲುದಾರರಾಗಿದ್ದಾರೆ. ಕೆಲವರು ಆಸ್ಪತ್ರೆ ನಡೆಸುವ ಟ್ರಸ್ಟ್‌ಗಳ ವಿಶ್ವಸ್ಥರಾಗಿದ್ದಾರೆ. ಆಡಳಿತ ಮಂಡಳಿಯ ಸಭೆಗಳಲ್ಲಿ ಹಾಸಿಗೆಗಳ ಸಂಖ್ಯೆ, ಯಂತ್ರೋಪಕರಣ, ಬ್ಯಾಂಕ್ ಸಾಲಗಳ ಚರ್ಚೆ ನಡೆಯುತ್ತದೆ. ಆದರೆ ರಾತ್ರಿ ಪಾಳಿಯ ದಾದಿಯೊಬ್ಬರು ವೈದ್ಯರು ದೂರವಾಣಿಯಲ್ಲಿ ಹೇಳಿದಂತೆ ಚುಚ್ಚುಮದ್ದು ನೀಡಿ, ಅದರಿಂದ ರೋಗಿಗೆ ಹಾನಿಯಾದರೆ ಹೊಣೆ ಯಾರದು ಎಂಬ ಪ್ರಶ್ನೆ ಸಾಮಾನ್ಯವಾಗಿ ಅಲ್ಲಿ ಏಳುವುದಿಲ್ಲ.

"ಹೇಳಿದ್ದನ್ನು ಮಾಡಿದೆ" ಎಂಬ ಮಾತು ಹೊಣೆಯನ್ನು ಅಳಿಸುವುದಿಲ್ಲ. ಕಾನೂನು ಅದನ್ನು ಹಂಚುತ್ತದೆ. ಪರಿಹಾರದ ಹಣ ಬಹುತೇಕ ಸಂಸ್ಥೆಯ ಬೊಕ್ಕಸದಿಂದ ಹೋಗುತ್ತದೆ. ಶಿಕ್ಷೆಯಾದರೋ ತಪ್ಪೆಸಗಿದ ವ್ಯಕ್ತಿಯನ್ನೇ ತಟ್ಟುತ್ತದೆ.

ಪರಿಹಾರದ ಹೊಣೆ

ಇಂಗ್ಲೆಂಡಿನ ನ್ಯಾಯಾಲಯವೊಂದು 1909ರಲ್ಲಿ, ಶಸ್ತ್ರಚಿಕಿತ್ಸಾ ಕೊಠಡಿಯೊಳಗೆ ದಾದಿಯರು ಶಸ್ತ್ರವೈದ್ಯರ ಆದೇಶಕ್ಕೆ ಒಳಪಟ್ಟಿರುವುದರಿಂದ ಅವರ ತಪ್ಪಿಗೆ ಆಸ್ಪತ್ರೆ ಹೊಣೆಯಲ್ಲವೆಂದು ಹೇಳಿತ್ತು. 1942 ಮತ್ತು 1951ರ ತೀರ್ಪುಗಳ ತರುವಾಯ ಈ ವಾದಕ್ಕೆ ಅಲ್ಲಿಯೇ ನೆಲೆ ಇಲ್ಲದಾಯಿತು. ಭಾರತದಲ್ಲಿ ವೈದ್ಯಕೀಯ ಸೇವೆಯು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಮಾನಿಸಿತು.

ದಾದಿಯರ ವಿಷಯದಲ್ಲಿ ಮುಖ್ಯವಾದುದು ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣ. ವಿಷಮಶೀತ ಜ್ವರದಿಂದ 1993ರ ಡಿಸೆಂಬರಿನಲ್ಲಿ ದಾಖಲಾದ ಬಾಲಕನಿಗೆ ನೀಡಬೇಕಾಗಿದ್ದುದು ಕ್ಲೋರೋಮೈಸಿಟಿನ್. ದಾದಿಯು ತಂದೆಯಿಂದ ತರಿಸಿ ನೀಡಿದುದು ಕ್ಲೋರೋಕ್ವಿನ್ ಅಂಶವುಳ್ಳ ಲಾರಿಯಾಗೋ. ಬಾಲಕನ ಹೃದಯ ಬಡಿತ ನಿಂತಿತು. ಜೀವ ಉಳಿಯಿತಾದರೂ ಮೆದುಳಿಗೆ ಶಾಶ್ವತ ಹಾನಿಯಾಯಿತು. ಚುಚ್ಚುಮದ್ದನ್ನು ಸ್ಥಾನಿಕ ವೈದ್ಯರೇ ನೀಡಬೇಕೆಂಬುದು ಹಿರಿಯ ವೈದ್ಯರ ಸೂಚನೆಯಾಗಿತ್ತು. ಅವರು ಅದನ್ನು ದಾದಿಗೆ ಬಿಟ್ಟಿದ್ದರು. ಆಕೆಯ ಹೆಸರು ಯಾವುದೇ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗಿರಲಿಲ್ಲ. ರಾಷ್ಟ್ರೀಯ ಆಯೋಗವು ಬಾಲಕನಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ದಾದಿಯ ತಪ್ಪು, ಆಕೆಗೆ ಬಿಟ್ಟುಕೊಟ್ಟ ವೈದ್ಯರ ತಪ್ಪು, ಇಬ್ಬರನ್ನೂ ನೇಮಿಸಿದ ಆಸ್ಪತ್ರೆಯ ಹೊಣೆ, ಈ ಮೂರನ್ನೂ ತೀರ್ಪು ಗುರುತಿಸಿತು.

ಸಂಬಂಧಪಟ್ಟ ವೈದ್ಯರನ್ನು ಪ್ರತಿವಾದಿಯಾಗಿ ಸೇರಿಸಿಲ್ಲವೆಂಬ ಕಾರಣ ನೀಡಿ ಆಸ್ಪತ್ರೆ ನುಣುಚಿಕೊಳ್ಳುವಂತಿಲ್ಲವೆಂದು 2004ರ ಸವಿತಾ ಗರ್ಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು.

ಶಿಕ್ಷೆಯ ಹೊಣೆ

ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಾಗ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಡಿ ವೈದ್ಯರಿಗೂ ದಾದಿಯರಿಗೂ ಗರಿಷ್ಠ ಶಿಕ್ಷೆ ಒಂದೇ ಆಗಿತ್ತು: 2 ವರ್ಷ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1) ಕಲಮು ಇದನ್ನು ಬದಲಿಸಿತು. ಸಾಮಾನ್ಯ ಗರಿಷ್ಠ ಶಿಕ್ಷೆ 5 ವರ್ಷವಾಯಿತು. ವೈದ್ಯಕೀಯ ಪ್ರಕ್ರಿಯೆಯ ವೇಳೆ ನೋಂದಾಯಿತ ವೈದ್ಯರಿಂದ ತಪ್ಪಾದರೆ ಮಾತ್ರ 2 ವರ್ಷ. ಈ ರಿಯಾಯಿತಿಗೆ ವೈದ್ಯಕೀಯ ನೋಂದಣಿ ಪುಸ್ತಕದಲ್ಲಿ ಹೆಸರಿರಬೇಕು. ದಾದಿಯರ ಹೆಸರಿರುವುದು ಶುಶ್ರೂಷಾ ಪರಿಷತ್ತಿನ ಪುಸ್ತಕದಲ್ಲಿ. ಕಲಮಿನ ಶಬ್ದಗಳನ್ನು ಇದ್ದಂತೆ ಓದಿದರೆ, ಆದೇಶ ನೀಡಿದವರಿಗೆ 2 ವರ್ಷದ ಮಿತಿ, ಪಾಲಿಸಿದವರಿಗೆ 5 ವರ್ಷದ ಮಿತಿ!

ಗಂಭೀರ ಸ್ವರೂಪದ ನಿರ್ಲಕ್ಷ್ಯವಿದ್ದರೆ ಮಾತ್ರ ಕ್ರಿಮಿನಲ್ ಹೊಣೆ ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. ಆದರೆ ಬಂಧನದ ಕುರಿತಾದ ಅದರ ಮಾರ್ಗಸೂಚಿಗಳು ವೈದ್ಯರನ್ನು ಉದ್ದೇಶಿಸಿದವು. ಲುಧಿಯಾನದ ಆ ಪ್ರಕರಣದಲ್ಲಿ ರೋಗಿಗೆ ಜೋಡಿಸಿದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿತ್ತು. ವೈದ್ಯರು ಕ್ರಿಮಿನಲ್ ಹೊಣೆಯಿಂದ ಪಾರಾದರೂ, ಸಿಲಿಂಡರಿನ ಅಭಾವಕ್ಕಾಗಿ ಆಸ್ಪತ್ರೆಯು ಸಿವಿಲ್ ಹೊಣೆ ಹೊರಬೇಕಾದೀತೆಂದು ನ್ಯಾಯಾಲಯ ಸೂಚಿಸಿತ್ತು. ಸಿಲಿಂಡರ್ ತುಂಬಿಸಿಡುವುದು ಆಡಳಿತದ ಕೆಲಸ ತಾನೆ?

ಕರಾರು ಕಾಯಿದೆಯ ಮಾತು

1872ರ ಭಾರತೀಯ ಕರಾರು ಕಾಯಿದೆಯ 223ನೆಯ ಕಲಮಿನಂತೆ, ನಿಯೋಜಿತ ವ್ಯಕ್ತಿ ಸದ್ಭಾವನೆಯಿಂದ ಮಾಡಿದ ಕಾರ್ಯದಿಂದ ಅನ್ಯರಿಗೆ ಹಾನಿಯಾದರೂ, ನಿಯೋಜಿಸಿದವನು ಆ ವ್ಯಕ್ತಿಯ ನಷ್ಟ ತುಂಬಿಕೊಡಬೇಕು. ಆದರೆ 224ನೆಯ ಕಲಮಿನಂತೆ, ಅಪರಾಧವೆನಿಸುವ ಕಾರ್ಯಕ್ಕೆ "ಏನಾದರೂ ನಾವು ನೋಡಿಕೊಳ್ಳುತ್ತೇವೆ" ಎಂದಿತ್ತ ಭರವಸೆಗೆ ಕಾನೂನಿನ ಬೆಲೆಯಿಲ್ಲ. ಇಂತಹ ಭರವಸೆಯನ್ನು ನಂಬಿ ತಪ್ಪು ಆದೇಶ ಪಾಲಿಸುವ ನೌಕರರು ಬರಿಗೈಯವರಾಗುತ್ತಾರೆ.

ಆಡಳಿತ ಮಂಡಳಿ ಗಮನಿಸಬೇಕಾದ ಅಂಶಗಳು

1. ನೇಮಕಾತಿಗೆ ಮುನ್ನ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಯನ್ನು ಪರಿಶೀಲಿಸಿ, ನವೀಕರಣದ ದಿನಾಂಕವನ್ನು ಕಡತದಲ್ಲಿಡಬೇಕು.

2. ಮೌಖಿಕ ಆದೇಶವನ್ನು ದಾದಿಯು ತಿರುಗಿ ಓದಿ ಹೇಳಿ, ವೇಳೆಯೊಡನೆ ಕೇಸ್ ಶೀಟಿನಲ್ಲಿ ಬರೆಯಬೇಕು. ವೈದ್ಯರು ನಿಗದಿತ ಅವಧಿಯೊಳಗೆ ಸಹಿ ಮಾಡಬೇಕು.

3. ಔಷಧದ ಹೆಸರು ಅಥವಾ ಪ್ರಮಾಣದಲ್ಲಿ ಸಂಶಯ ಬಂದಾಗ ತಡೆದು ಕೇಳುವ ಅಧಿಕಾರವನ್ನು ದಾದಿಯರಿಗೆ ಲಿಖಿತವಾಗಿ ನೀಡಬೇಕು. ಹಾಗೆ ಕೇಳಿದವರಿಗೆ ನೋಟಿಸು ಕೊಡುವ ಸಂಸ್ಥೆ ತನ್ನ ನಷ್ಟವನ್ನು ತಾನೇ ಆಹ್ವಾನಿಸುತ್ತದೆ.

4. ವೃತ್ತಿ ಹೊಣೆಗಾರಿಕೆಯ ವಿಮಾ ಪತ್ರದಲ್ಲಿ ದಾದಿಯರು ಸೇರಿದ್ದಾರೆಯೇ, ಅರ್ಹತೆಯ ಷರತ್ತೇನು ಎಂಬುದನ್ನು ಓದಿ ತಿಳಿಯಬೇಕು.

5. ಬಾಕಿ ಇರುವ ಪರಿಹಾರದ ದಾವೆಗಳನ್ನು ಲೆಕ್ಕಪತ್ರದ ಮಾನದಂಡ 29ರಂತೆ ಪರಿಶೀಲಿಸಿ, ಅಗತ್ಯವಿದ್ದಲ್ಲಿ ನಿಧಿ ಕಾದಿರಿಸಬೇಕು ಅಥವಾ ಟಿಪ್ಪಣಿಯಲ್ಲಿ ತೋರಿಸಬೇಕು. ಅಪರಾಧಕ್ಕೆ ತೆತ್ತ ದಂಡವು ಆದಾಯ ತೆರಿಗೆಯಲ್ಲಿ ವ್ಯವಹಾರದ ಖರ್ಚಾಗದು.

ಆಸ್ಪತ್ರೆಯ ಸಂಬಂಧವಿಲ್ಲದ ಉದ್ಯಮಿಗಳಿಗೂ ಇದು ಹೊರಗಿನ ಮಾತಲ್ಲ. ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಧಣಿಗಳ ಅವಸರಕ್ಕೆ ಮಣಿದು, ರಕ್ಷಣಾ ಕವಚ ತೆಗೆದಿಟ್ಟ ಯಂತ್ರವನ್ನು ಮೇಲ್ವಿಚಾರಕ ಚಾಲೂ ಮಾಡಿ ಕಾರ್ಮಿಕನೊಬ್ಬ ಮೃತಪಟ್ಟನೆಂದು ಭಾವಿಸೋಣ. ಆತನೂ 5 ವರ್ಷದ ಅದೇ ಕಲಮಿನೆದುರು ನಿಲ್ಲಬೇಕಾಗುತ್ತದೆ. ಆದೇಶಿಸುವ ಅಧಿಕಾರ ಇರುವವರು, ಅದನ್ನು ಬರೆದುಕೊಡುವ ಧೈರ್ಯವನ್ನೂ, "ಇದು ಸರಿಯಲ್ಲ" ಎನ್ನುವ ನೌಕರರ ಮಾತು ಕೇಳುವ ತಾಳ್ಮೆಯನ್ನೂ ರೂಢಿಸಿಕೊಳ್ಳುವುದು ಒಳಿತು. ಪರಿಹಾರದ ಹಣಕ್ಕೆ ಹೋಲಿಸಿದರೆ ಇದಕ್ಕೆ ತಗಲುವ ವೆಚ್ಚ ಒಂದು ನೋಂದಣಿ ಪುಸ್ತಕದ ಬೆಲೆ ಮಾತ್ರ.