ವಿಮೆ ಪತ್ರದಲ್ಲಿ ತಾರೀಖಷ್ಟೇ ಅಲ್ಲ, ಗಂಟೆಯೂ ಮುಖ್ಯ

ಪೊಲೀಸರು ಕೈ ಅಡ್ಡ ಹಿಡಿದಾಗ ಮಾತ್ರ ನೆನಪಾಗುವ ಕಾಗದವೊಂದಿದೆ. ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ, ಹಳೆಯ ಪೆಟ್ರೋಲ್ ರಸೀದಿಗಳ ನಡುವೆ ಮಡಚಿ ಬಿದ್ದಿರುವ ವಿಮೆ ಪ್ರಮಾಣಪತ್ರವೇ ಅದು. ‘ಇನ್ಶೂರೆನ್ಸ್ ಇದೆ’ ಎನ್ನಲು ಅಷ್ಟು ಸಾಕೆಂದು ಅನೇಕ ಮಾಲೀಕರು ನಂಬಿದ್ದಾರೆ. ಆದರೆ ಅಪಘಾತವಾದ ಮೇಲೆ ಆ ಹಾಳೆಯ ಒಂದೊಂದು ಸಾಲೂ ನ್ಯಾಯಮಂಡಳಿಯ ಮುಂದೆ ಬರುತ್ತದೆ. ಪರಿಹಾರದ ಹಣ ಕಂಪನಿಯ ಖಜಾನೆಯಿಂದ ಬರಬೇಕೋ, ಮಾಲೀಕನ ಮನೆ ಮಾರಿ ಬರಬೇಕೋ ಎಂಬುದು ಎಷ್ಟೋ ಸಲ ಆ ಸಾಲುಗಳನ್ನೇ ಅವಲಂಬಿಸಿರುತ್ತದೆ.

ವಾಹನಕ್ಕೆ ವಿಮೆ ಕಡ್ಡಾಯ ಎಂಬ ನಿಯಮ ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯ್ದೆಯ ಜಾಡಿನಲ್ಲಿ ಇಲ್ಲಿಗೆ ಬಂತು. ಭಾರತದಲ್ಲಿ 1939ರಲ್ಲೇ ಮೋಟಾರು ವಾಹನ ಕಾಯ್ದೆ ಆಯಿತಾದರೂ ಕಡ್ಡಾಯ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಅದಕ್ಕೆ ಮೊದಲು ಗಾಯಾಳು ಸಿವಿಲ್ ದಾವೆ ಹೂಡಿ ಗೆದ್ದರೂ, ಮಾಲೀಕನ ಕೈಯಲ್ಲಿ ಕಾಸಿಲ್ಲದಿದ್ದರೆ ಡಿಕ್ರಿ ಬರೀ ಕಾಗದವಾಗುತ್ತಿತ್ತು. 1956ರ ತಿದ್ದುಪಡಿ ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. ಈಗ ಇರುವುದು 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯ್ದೆ. ಅದರ 146ನೇ ಸೆಕ್ಷನ್ ಪ್ರಕಾರ, ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಇಲ್ಲದೆ ವಾಹನ ರಸ್ತೆಗಿಳಿಯುವಂತಿಲ್ಲ.

ಪಾಲಿಸಿ ಬೇರೆ, ಪ್ರಮಾಣಪತ್ರ ಬೇರೆ

ಪಾಲಿಸಿ ಎಂದರೆ ಕಂಪನಿ ಹಾಗೂ ಮಾಲೀಕನ ನಡುವಿನ ಪೂರ್ತಿ ಕರಾರು. ಅಂಥ ಕರಾರು ಇದೆ ಎಂದು ಪೊಲೀಸರಿಗೂ ಸಾರಿಗೆ ಅಧಿಕಾರಿಗಳಿಗೂ ತೋರಿಸಲು ಕಾನೂನೇ ಗೊತ್ತುಪಡಿಸಿದ ಹಾಳೆ ಪ್ರಮಾಣಪತ್ರ. ವಾಹನದ ನೋಂದಣಿ ಸಂಖ್ಯೆ, ಮಾಲೀಕನ ಹೆಸರು, ವಿಮೆಯ ಅವಧಿ, ಯಾರು ಓಡಿಸಬಹುದು, ಯಾವ ಕೆಲಸಕ್ಕೆ ಬಳಸಬಹುದು ಎಂಬ ವಿವರಗಳು ಅದರಲ್ಲಿರುತ್ತವೆ. ಕೊನೆಯ ಎರಡನ್ನು ಓದುವವರೇ ಕಡಿಮೆ. ಸ್ವಂತಕ್ಕೆಂದು ವಿಮೆ ಮಾಡಿಸಿದ ಕಾರನ್ನು ಮದುವೆ ಸೀಸನ್ನಿನಲ್ಲಿ ಬಾಡಿಗೆಗೆ ಬಿಟ್ಟರೆ ಷರತ್ತು ಮುರಿದಂತೆ. ಪಾಲಿಸಿ ಸಿದ್ಧವಾಗುವ ತನಕ ಕೊಡುವ ತಾತ್ಕಾಲಿಕ ‘ಕವರ್ ನೋಟ್’ಗೆ 1989ರ ಕೇಂದ್ರ ನಿಯಮಗಳು 60 ದಿನಗಳ ಮಿತಿ ಹಾಕಿದವು.

ಅವಧಿಯ ಸಾಲಿನಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಯುವುದುಂಟು. ಅದಕ್ಕೆ ಕಾರಣವಿದೆ. ಪಾಲಿಸಿ ಪಡೆದ ದಿನವೇ ಅಪಘಾತವಾದರೆ ಏನು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಗಂಟೆ ನಮೂದಾಗಿಲ್ಲದಿದ್ದರೆ ಹಿಂದಿನ ಮಧ್ಯರಾತ್ರಿಯಿಂದಲೇ ವಿಮೆ ಜಾರಿಯಲ್ಲಿತ್ತೆಂದು ತಿಳಿಯಬೇಕು ಎಂಬ ತೀರ್ಪು 1990ರಲ್ಲಿ ಬಂತು. ಇನ್ನೊಂದು ಪ್ರಕರಣದಲ್ಲಿ ಅಪಘಾತ ನಡೆದದ್ದು ಬೆಳಿಗ್ಗೆ, ಪಾಲಿಸಿಯಲ್ಲಿ ಬರೆದಿದ್ದ ಸಮಯ ಅದೇ ದಿನದ ಸಂಜೆ 4 ಗಂಟೆ. ಗಂಟೆ ಸ್ಪಷ್ಟವಾಗಿರುವಾಗ ಅದಕ್ಕೆ ಮೊದಲಿನ ಹೊಣೆ ಕಂಪನಿಯದಲ್ಲ ಎಂದು ನ್ಯಾಯಾಲಯ ಹೇಳಿತು. ವಿಮೆ ಮುಗಿದ ಮರುದಿನ ಮಾಡಿಸಿದರಾಯಿತು ಎನ್ನುವವರು ಇದನ್ನು ನೆನಪಿಡಬೇಕು.

ಚೆಕ್ ವಾಪಸಾದರೆ

ಪ್ರೀಮಿಯಂ ಕೈಸೇರದೆ ಕಂಪನಿ ಹೊಣೆ ಹೊರುವಂತಿಲ್ಲ ಎನ್ನುತ್ತದೆ 1938ರ ವಿಮಾ ಕಾಯ್ದೆಯ 64ವಿಬಿ ಸೆಕ್ಷನ್. ಆದರೆ ಚೆಕ್ ಪಡೆದು ಪಾಲಿಸಿ ಕೊಟ್ಟ ಮೇಲೆ ಚೆಕ್ ವಾಪಸಾದರೆ? ರಸ್ತೆಯಲ್ಲಿ ಸತ್ತವನ ಕುಟುಂಬಕ್ಕೆ ಆ ವ್ಯವಹಾರ ಗೊತ್ತಿರುವುದಿಲ್ಲ. ಪಾಲಿಸಿ ಕೊಟ್ಟ ಕಂಪನಿ ಮೂರನೆಯವರಿಗೆ ಪರಿಹಾರ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. ಕರ್ನಾಟಕದಿಂದ ಹೋದ ಬಸ್ ಅಪಘಾತದ ಮೊಕದ್ದಮೆಯಲ್ಲಿ, 2012ರಲ್ಲಿ, ಇದು ಇನ್ನಷ್ಟು ಸ್ಪಷ್ಟವಾಯಿತು. ಪಾಲಿಸಿ ರದ್ದಾದ ಸುದ್ದಿ ಅಪಘಾತಕ್ಕೆ ಮೊದಲೇ ಮಾಲೀಕನಿಗೆ ತಲುಪಿರಬೇಕು. ಇಲ್ಲವಾದರೆ ಕಂಪನಿಗೆ ಬಿಡುಗಡೆಯಿಲ್ಲ. ಈ ರಕ್ಷಣೆ ಮೂರನೆಯವರಿಗೆ ಮಾತ್ರ. ತನ್ನ ವಾಹನದ ನಷ್ಟಕ್ಕೆ ಹಣ ಕೇಳುವ ಮಾಲೀಕನಿಗೆ ಇದು ಅನ್ವಯಿಸದೆಂದು 2001ರಲ್ಲೇ ತೀರ್ಪಾಗಿತ್ತು.

ಮನೆಮಂದಿಗೆ ಹೆಚ್ಚು ನೋವು ಕೊಡುವ ತಪ್ಪು ತಿಳಿವಳಿಕೆ ಇನ್ನೊಂದಿದೆ. ಅಗ್ಗವೆಂದು ಕೊಳ್ಳುವ ‘ಥರ್ಡ್ ಪಾರ್ಟಿ’ ಪಾಲಿಸಿಯೂ ಪೊಲೀಸರ ಮಟ್ಟಿಗೆ ಪೂರ್ಣ ಪುರಾವೆಯೇ. ಆದರೆ ಅದು ಮಾಲೀಕನ ಸ್ವಂತ ಕಾರಿನ ರಿಪೇರಿಗೆ ಬಾರದು. ಇಂಥ ಪಾಲಿಸಿ ಸ್ಕೂಟರಿನ ಹಿಂದೆ ಕುಳಿತವರಿಗೂ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ದಂಡ ತಪ್ಪಿಸಿಕೊಂಡ ಮಾತ್ರಕ್ಕೆ ಹೆಂಡತಿ, ಮಕ್ಕಳಿಗೆ ರಕ್ಷಣೆ ಸಿಕ್ಕಿತೆಂದು ಅರ್ಥವಲ್ಲ.

2018ರ ಸೆಪ್ಟೆಂಬರ್ 1ರ ನಂತರ ಕೊಂಡ ಹೊಸ ವಾಹನಗಳ ಪತ್ರದಲ್ಲಿ ಎರಡು ಮುಕ್ತಾಯದ ದಿನಾಂಕಗಳು ಇರಬಹುದು. ಸುಪ್ರೀಂ ಕೋರ್ಟಿನ ಆದೇಶದಂತೆ ಹೊಸ ಕಾರಿಗೆ 3 ವರ್ಷ, ದ್ವಿಚಕ್ರ ವಾಹನಕ್ಕೆ 5 ವರ್ಷಗಳ ಮೂರನೆಯವರ ವಿಮೆ ಒಟ್ಟಿಗೇ ಮಾಡಿಸಬೇಕು. ಸ್ವಂತ ಹಾನಿಯ ವಿಮೆ ಮಾತ್ರ ಬಹುಪಾಲು ಒಂದೇ ವರ್ಷದ್ದು. ದೂರದ ದಿನಾಂಕ ನೋಡಿ ನಿಶ್ಚಿಂತರಾದವರಿಗೆ, ಕಾರು ಗುದ್ದಿಸಿಕೊಂಡ ದಿನವೇ ಹತ್ತಿರದ ದಿನಾಂಕ ಕಣ್ಣಿಗೆ ಬೀಳುತ್ತದೆ. ಹಳೆಯ ಕಾರು ಕೊಂಡವರಿಗೆ ಇನ್ನೊಂದು ಗಡುವಿದೆ: ಪತ್ರವನ್ನು ತಮ್ಮ ಹೆಸರಿಗೆ ಬದಲಿಸಲು 14 ದಿನಗಳಲ್ಲಿ ಅರ್ಜಿ ಕೊಡಬೇಕು.

ಪತ್ರ ಜೇಬಿನಲ್ಲೇ ಇರಬೇಕೆಂಬ ಕಾಲ ಹೋಯಿತು. 2018ರ ನವೆಂಬರಿನಲ್ಲಿ ಕೇಂದ್ರ ನಿಯಮಕ್ಕೆ ತಿದ್ದುಪಡಿಯಾಗಿ, ಮೊಬೈಲ್ ಫೋನಿನಲ್ಲಿ ತೋರಿಸುವ ಡಿಜಿಟಲ್ ದಾಖಲೆಗೂ ಮಾನ್ಯತೆ ಸಿಕ್ಕಿತು. ಡಿಜಿಲಾಕರ್, ಎಂ-ಪರಿವಾಹನ್ ಇದಕ್ಕೆಂದೇ ಇವೆ. ವಿಮೆಯೇ ಇಲ್ಲದಿದ್ದರೆ ವಿಷಯ ಬೇರೆ. 2019ರ ತಿದ್ದುಪಡಿಯು ಕಾಯ್ದೆಯಲ್ಲಿನ ದಂಡವನ್ನು 1,000 ರೂಪಾಯಿಯಿಂದ 2,000ಕ್ಕೂ, ಮತ್ತೆ ಸಿಕ್ಕಿಬಿದ್ದರೆ 4,000ಕ್ಕೂ ಏರಿಸಿತು. 3 ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

ದಂಡ ಕಟ್ಟಿದರೆ ಆ ದಿನದ ತಾಪತ್ರಯ ಮುಗಿಯುತ್ತದೆ. ಪರಿಹಾರದ ಮೊಕದ್ದಮೆ ಹಾಗಲ್ಲ. ಹೊಸ ಪತ್ರ ಕೈಗೆ ಬಂದ ದಿನ ಹೆಸರು, ನೋಂದಣಿ ಸಂಖ್ಯೆ, ಬಳಕೆಯ ಷರತ್ತು, ಎರಡೂ ದಿನಾಂಕ, ಗಂಟೆ ಇಷ್ಟನ್ನು ನೋಡಲು ಐದು ನಿಮಿಷ ಸಾಕು. ತಪ್ಪಿದ್ದರೆ ಅಂದೇ ಬರೆದು ತಿದ್ದಿಸಿಕೊಳ್ಳಬಹುದು. ಅಪಘಾತವಾದ ಮೇಲೆ ಅಲ್ಲ.