ಗಡಿಪಾರಾಗಿದ್ದ ಅಕ್ಷರ

ಜರ್ಮನಿಯ ಬಾದ್ ಎಮ್ಸ್ ಬಿಸಿನೀರ ಬುಗ್ಗೆಗಳ ಊರು. 1876ರಲ್ಲಿ ಅಲ್ಲಿ ತಂಗಿದ್ದ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಒಂದು ಗುಟ್ಟಿನ ಆದೇಶಕ್ಕೆ ಸಹಿ ಹಾಕಿದ. ಉಕ್ರೇನಿಯನ್ ಪುಸ್ತಕಗಳನ್ನು ಹೊರಗಿನಿಂದ ತರಿಸುವಂತಿಲ್ಲ, ಆ ಭಾಷೆಯಲ್ಲಿ ನಾಟಕ ಆಡುವಂತಿಲ್ಲ, ಹಾಡಿನ ಸ್ವರಲಿಪಿಯ ಕೆಳಗೆ ಸಾಹಿತ್ಯವನ್ನೂ ಅಚ್ಚು ಹಾಕುವಂತಿಲ್ಲ. ಕಥೆ, ಕವಿತೆಗೆ ಸೆನ್ಸಾರ್ ಒಪ್ಪಿದರೆ ಅವಕಾಶ. ಅದೂ ರಷ್ಯನ್ ಕಾಗುಣಿತದಲ್ಲಿ. ಅಂಥದ್ದೊಂದು ಪ್ರತ್ಯೇಕ ಭಾಷೆ ಇರಲೂ ಇಲ್ಲ, ಈಗಲೂ ಇಲ್ಲ, ಮುಂದೆ ಇರಲೂ ಸಾಧ್ಯವಿಲ್ಲ ಎಂಬರ್ಥದ ಮಾತು 1863ರಲ್ಲೇ ಒಳಾಡಳಿತ ಸಚಿವ ವಲುಯೆವ್ ಹೊರಡಿಸಿದ ಸುತ್ತೋಲೆಯಲ್ಲಿತ್ತು.

ಆದರೆ ಭಾಷೆ ಇತ್ತು. ರಷ್ಯನ್, ಬೆಲರೂಸಿಯನ್ ಜೊತೆಗೆ ಅದು ಪೂರ್ವ ಸ್ಲಾವಿಕ್ ಬಳಗಕ್ಕೆ ಸೇರಿದ್ದು. ಪದಸಂಪತ್ತಿನಲ್ಲಿ ಪೋಲಿಷ್‌ಗೂ ಹತ್ತಿರ. ಏಳು ವಿಭಕ್ತಿಗಳಲ್ಲಿ ಸಂಬೋಧನೆಯೂ ಒಂದು: ‘ಒಕ್ಸಾನಾ’ ಎಂಬವಳನ್ನು ಕರೆಯುವಾಗ ‘ಒಕ್ಸಾನೊ’, ‘ಇವಾನ್’ನನ್ನು ಕರೆಯುವಾಗ ‘ಇವಾನೆ’. ಕೂಗುವಾಗ ಹೆಸರಿನ ಕೊನೆ ಬದಲಾಗುವುದು ಕನ್ನಡಿಗರಿಗೆ ಹೊಸದಲ್ಲ. ರಷ್ಯನ್ ಭಾಷೆ ಈ ವಿಭಕ್ತಿಯನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದೆ.

ಪೋಲ್ಟಾವಾದ ಇವಾನ್ ಕೋಟ್ಲ್ಯಾರೆವ್‌ಸ್ಕಿ ವರ್ಜಿಲ್‌ನ ಮಹಾಕಾವ್ಯದ ವೀರರನ್ನು ಕೊಸಾಕ್‌ಗಳನ್ನಾಗಿ ಮಾಡಿ ಬರೆದ ‘ಎನೆಯಿದಾ’ 1798ರಲ್ಲಿ ಅಚ್ಚಾಯಿತು. ಆಡುಮಾತು ಗ್ರಂಥಭಾಷೆಯಾದದ್ದು ಅಲ್ಲಿಂದ. ಜೀತದ ಮನೆಯಲ್ಲಿ ಹುಟ್ಟಿದ ತಾರಸ್ ಶೆವ್‌ಚೆಂಕೊನ ಕವನ ಸಂಕಲನ ‘ಕೊಬ್ಜಾರ್’ 1840ರಲ್ಲಿ ಬಂತು. 1847ರಲ್ಲಿ ಅವನನ್ನು ಸೈನಿಕನಾಗಿ ದೂರದ ಗಡಿಗೆ ಅಟ್ಟಿದ ಆಗಿನ ದೊರೆ, ಬರೆಯಬಾರದು, ಚಿತ್ರ ಬಿಡಿಸಬಾರದು ಎಂದೂ ಕಟ್ಟಪ್ಪಣೆ ಮಾಡಿದ. ಶೆವ್‌ಚೆಂಕೊ ಪುಟ್ಟ ಪುಸ್ತಕಗಳನ್ನು ಹೊಲಿದುಕೊಂಡು ಕದ್ದು ಬರೆದ. ನಿಷೇಧದ ಕಾಲದಲ್ಲಿ ಲೇಖಕರ ಕೈಹಿಡಿದದ್ದು ಗಡಿಯಾಚೆಯ ಲ್ವಿವ್. ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಆ ಊರಿನ ಅಚ್ಚುಕೂಟಗಳಿಗೆ ಹಸ್ತಪ್ರತಿಗಳು ಹೋಗುತ್ತಿದ್ದವು.

ಇದಕ್ಕಿಂತ ಆಳದ ಪೆಟ್ಟು ಬಿದ್ದದ್ದು ಸೋವಿಯತ್ ಕಾಲದಲ್ಲಿ ಎಂದು ನನಗೆ ಅನ್ನಿಸುತ್ತದೆ. ಆಗ ಕೈ ಹಾಕಿದ್ದು ಭಾಷೆಯ ಒಳಮೈಗೇ. 1920ರ ದಶಕ ಆಸೆ ಹುಟ್ಟಿಸಿತ್ತು. ಆಗಿನ ರಾಜಧಾನಿ ಖಾರ್ಕಿವ್‌ನಲ್ಲಿ (ನಮ್ಮ ಎಷ್ಟೋ ವೈದ್ಯ ವಿದ್ಯಾರ್ಥಿಗಳು ಓದಿದ ಊರು) ವಿದ್ವಾಂಸರು ಕೂತು ಚರ್ಚಿಸಿ ರೂಪಿಸಿದ ಕಾಗುಣಿತಕ್ಕೆ 1928ರಲ್ಲಿ ಒಪ್ಪಿಗೆ ಸಿಕ್ಕಿತು. ಲೇಖಕರಿಗೆಂದೇ ‘ಸ್ಲೊವೊ’ ಎಂಬ ವಸತಿ ಸಮುಚ್ಚಯ ಎದ್ದಿತು. ಆ ಆಸೆ ಉಳಿಯಲಿಲ್ಲ. 1933ರ ಮೇ ತಿಂಗಳಲ್ಲಿ, ಕ್ಷಾಮದಲ್ಲಿ ಹಳ್ಳಿಗಳು ಸಾಯುತ್ತಿದ್ದಾಗ, ಕಾದಂಬರಿಕಾರ ಮಿಕೋಲಾ ಹ್ವಿಲೊವಿ ಅದೇ ಕಟ್ಟಡದಲ್ಲಿ ಗುಂಡು ಹಾರಿಸಿಕೊಂಡ. ಜುಲೈನಲ್ಲಿ, ಕಾಗುಣಿತಕ್ಕೆ ಸಹಿ ಹಾಕಿದ್ದ ಮಿಕೋಲಾ ಸ್ಕ್ರಿಪ್ನಿಕ್ ಕೂಡ ಗುಂಡು ಹಾರಿಸಿಕೊಂಡ.

ಅದೇ ವರ್ಷ ಕಾಗುಣಿತವನ್ನು ರಷ್ಯನ್ ಕಡೆಗೆ ಬಾಗಿಸಿ ತಿದ್ದಲಾಯಿತು. ಒಂದು ಅಕ್ಷರವನ್ನೇ ಕಿತ್ತುಹಾಕಲಾಯಿತು. ಉಕ್ರೇನಿಯನ್‌ನಲ್ಲಿ ನಮ್ಮ ‘ಹ’ದಂಥ ದನಿಗೆ ಒಂದು ಅಕ್ಷರ, ‘ಗ’ಕ್ಕೆ ಇನ್ನೊಂದು. ನೋಡಲು ಎರಡೂ ಒಂದೇ. ‘ಗ’ದ ತಲೆಯ ಮೇಲೆ ಪುಟ್ಟದೊಂದು ಕೊಕ್ಕೆ, ಅಷ್ಟೇ. ‘ಗ್ರಾತಿ’ ಎಂದರೆ ಜೈಲಿನ ಸರಳು, ‘ಹ್ರಾತಿ’ ಎಂದರೆ ಆಡುವುದು. ಕೊಕ್ಕೆ ಹೋದ ಮೇಲೆ ಎರಡನ್ನೂ ಒಂದೇ ರೀತಿ ಬರೆಯಬೇಕಾಯಿತು. ಮುಂದಿನ ಎರಡು ವರ್ಷ ಪಾರಿಭಾಷಿಕ ಪದಗಳ ಸರದಿ: ಯಾವ ಪದ ಬಿಡಬೇಕು, ರಷ್ಯನ್‌ಗೆ ಹತ್ತಿರದ ಯಾವುದನ್ನು ಬಳಸಬೇಕು ಎಂಬ ಪಟ್ಟಿಗಳು ಹೊರಬಂದವು. ನಿಘಂಟುಕಾರರು ಜೈಲು ಸೇರಿದರು. ‘ಗ’ ವರ್ಣಮಾಲೆಗೆ ಮರಳಿದ್ದು 1990ರಲ್ಲಿ.

2001ರ ಜನಗಣತಿಯಲ್ಲಿ ಉಕ್ರೇನಿನ ಶೇ 67.5ರಷ್ಟು ಜನ ಉಕ್ರೇನಿಯನ್ ತಮ್ಮ ತಾಯ್ನುಡಿ ಎಂದು ಬರೆಸಿದರು. ಉಕ್ರೇನಿಯನ್, ರಷ್ಯನ್ ಎರಡೂ ಬೆರೆತ ‘ಸುರ್ಜಿಕ್’ ಈಗಲೂ ಅನೇಕ ಮನೆಗಳ ಮಾತು. ಅದನ್ನು ಹೀನಾಯವಾಗಿ ಕಾಣುವುದು ತಪ್ಪು. ಒತ್ತಡದಲ್ಲೂ ಜನ ನುಡಿಯನ್ನು ಉಳಿಸಿಕೊಂಡ ಬಗೆ ಅದು. 2022ರ ಆಕ್ರಮಣದ ನಂತರ ರಷ್ಯನ್ ಆಡುತ್ತಿದ್ದ ಅನೇಕರು ಉಕ್ರೇನಿಯನ್‌ಗೆ ಹೊರಳಿದ್ದಾರೆ, ಪುಸ್ತಕಗಳಿಗೆ ಬೇಡಿಕೆ ಏರಿದೆ. ಅವುಗಳಲ್ಲಿ ಬಹಳಷ್ಟು ಅಚ್ಚಾಗುವುದು ಖಾರ್ಕಿವ್‌ನಲ್ಲಿ. 2024ರ ಮೇ 23ರಂದು ರಷ್ಯಾದ ಕ್ಷಿಪಣಿಗಳು ಅಲ್ಲಿನ ‘ಫಾಕ್ಟರ್ ದ್ರುಕ್’ ಮುದ್ರಣಾಲಯದ ಮೇಲೆ ಬಿದ್ದವು. ಏಳು ಕೆಲಸಗಾರರು ಸತ್ತರು, ಸಾವಿರಾರು ಪುಸ್ತಕಗಳು ಸುಟ್ಟುಹೋದವು.